ಹೊಟ್ಟೆ ತುಂಬದ ಕೌದಿ

ಶಿವರಾತ್ರಿ ಹತ್ತಿರ ಬಂದಿತ್ತು. ಕೊನೆಯ ಸಲ ಬಿಡಿಸಿದ ಹತ್ತಿ ಹೊತ್ತ ಟ್ರ್ಯಾಕ್ಟರುಗಳು ರಾಯಚೂರಿನ ಗಂಜ್ ರಸ್ತೆಯಲ್ಲಿ ಬೆಳಿಗ್ಗೆಯಿಂದಲೇ ಸಾಲುಗಟ್ಟಿ ನಿಂತಿದ್ದವು. ಹಾರಿದ ಅರಳೆ ಮೇಲ್ಮಹಡಿಯ ಕಿಟಕಿಯೊಳಗೆ ಬಂದು ಬೀರೇಶನ ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಅವನು ಅದನ್ನು ಊದುತ್ತ, ಸಿರವಾರದ ಒಂದು ಅಕ್ಕಿ ಗಿರಣಿಗೆ ವೆಬ್‌ಸೈಟ್ ಮಾಡುತ್ತಿದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಅವನ ಬೆರಳುಗಳು ನಿಂತವು.

ಆ ಹೆಜ್ಜೆ ಅವನಿಗೆ ಗೊತ್ತಿತ್ತು.

ಬಾಗಿಲಲ್ಲಿ ವಿಶಾಖಾ ನಿಂತಿದ್ದಳು. ಒಂದೂವರೆ ವರ್ಷದ ಹಿಂದೆ ಇದೇ ಬಾಗಿಲು ದಾಟಿ ಹೋದವಳು. ಮುಖ ಬಿಸಿಲಿಗೆ ಕಂದಿತ್ತು. ಹೆಗಲಿಗೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ತಾನೇ ಹೊಲಿದ ಚೀಲ.

"ಒಳಗ ಬಾ ಅಂತ ಹೇಳಬೇಕೇನು?" ಎಂದ ಬೀರೇಶ.

"ಹೇಳಿದರ ಛಲೋ. ಹೋಗುವಾಗ ಹೋಗು ಅಂದಿದ್ದಿ."

ಅವನು ಎದ್ದು ಕಿಟಕಿ ಪಕ್ಕದ ಕುರ್ಚಿ ಎಳೆದು ಕೊಟ್ಟ. ಅದು ಅವಳದೇ ಕುರ್ಚಿ. ಅದರ ಮೇಲೆ ಮಾತ್ರ ಒಂದು ಎಳೆ ಅರಳೆಯೂ ಇರಲಿಲ್ಲ.

'ದಿನಾ ಒರೆಸಿದಾನ...' ಅಂದುಕೊಂಡು ಅವಳು ಕೂತಳು.

"ಸೋತು ಬಂದೀನಿ, ಬೀರೇಶ. ಕೆಲಸ ಅದ ಏನು?"

"ನಿನ್ನ ಅಂಗಡಿ. ನನ್ನ ಕೇಳ್ತಿಯಲ್ಲ."

ಅಷ್ಟರಲ್ಲಿ ಅವನ ಫೋನ್ ಮೊಳಗಿತು. ನಂಬರ್ ನೋಡಿದ, ಕತ್ತರಿಸಿ ಬೋರಲು ಇಟ್ಟ. ವಿಶಾಖಾ ಅದನ್ನು ಕಂಡಳು. ಸಂಶಯ ಬರಲಿಲ್ಲ. ತನ್ನ ಸಲುವಾಗಿ ಫೋನ್ ಬದಿಗಿಟ್ಟ ಎಂದು ಒಳಗೊಳಗೇ ಹಿಗ್ಗಿದಳು.

ಅಂಗಡಿಯನ್ನು ಇಬ್ಬರೂ ಕೂಡಿ ಹಾಕಿದ್ದರು. ಹತ್ತಿ ಜಿನ್ನಿಂಗ್ ಮಿಲ್ಲು, ಕೋಚಿಂಗ್ ಕ್ಲಾಸು, ಕಲ್ಯಾಣ ಮಂಟಪ. ಎಲ್ಲರಿಗೂ ಅದೇ ವೆಬ್‌ಸೈಟು, ಬಣ್ಣ ಬೇರೆ. ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ಉಂಡರು. ಮದುವೆಯ ಮಾತು ಮಾತ್ರ ಇಬ್ಬರ ಬಾಯಿಗೂ ಬರಲಿಲ್ಲ. ಅವನದು ಕುರಿ ಕಾಯುವ ಮನೆತನ, ಅವಳದು ದೇವದುರ್ಗದ ಕೂಲಿಯವರ ಕೇರಿ.

ಒಂದು ದಿನ ವಿಶಾಖಾ ಹೇಳಿದ್ದಳು. "ನನಗ ಈ ಕೆಲಸ ಸಾಕು. ಅವ್ವನ ಕೂಡ ಕೂತು ಹಳೇ ಸೀರಿ ಕೂಡಿಸಿ ಚಿತ್ರದ ಕೌದಿ ಹೊಲೀತೀನಿ."

"ಇಷ್ಟು ಓದಿ ಚಿಂದಿ ಹೊಲಿಯಾಕ ಹೋಗ್ತಿಯೇನು? ಹೋಗು."

ಹಾಗೆ ಅಂದವನೇ ಮರುವಾರ ಅವಳ ಕೌದಿಗಳಿಗೊಂದು ವೆಬ್‌ಸೈಟ್ ಮಾಡಿ ಕೊಟ್ಟ. ತೀರಿಹೋದ ತಾಯಿ ಬಂಡೆಮ್ಮನ ಸೀರೆಗಳ ಗಂಟನ್ನೂ ತಂದಿಟ್ಟ. "ನಮ್ಮವ್ವನ ಸೀರಿ. ಒಂದು ಕೌದಿ ನನ್ನದಿರಲಿ."

ವಿಶಾಖಾ ಚಿತ್ರ ಬರೆದಳು, ತಾಯಿ ಗೋಪಮ್ಮ ಹೊಲಿದಳು. ಗದ್ದೆಯ ಕೊಕ್ಕರೆ, ನಾಟಿ ಹಚ್ಚುವ ಹೆಂಗಸರು, ಬೂದಿ ಬಣ್ಣದ ಸೀರೆಯಲ್ಲಿ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಕೊಳವೆ. ಆದರೆ ಕೌದಿ ಕೇಳಿ ಫೋನ್ ಬರಲಿಲ್ಲ. ಒಂದೂ ಬರಲಿಲ್ಲ. ಸಂತೆಯಲ್ಲಿ ಹಾಸಿದರೆ ಜನ ಮುಟ್ಟಿ ನೋಡಿ ಹೋದರು.

"ಮಂದಿಗೆ ಈಗ ರಗ್ಗು ಬೇಕವ್ವಾ," ಎಂದು ಗೋಪಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗತೊಡಗಿದಳು. ಸಂಕ್ರಾಂತಿಯ ಮರುದಿನ ಹೊಲದಲ್ಲೇ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು.

ಅದಾದ ಮೇಲೆಯೇ ವಿಶಾಖಾ ರಾಯಚೂರಿನ ಬಸ್ಸು ಹತ್ತಿದ್ದು.

ವಾರ ಕಳೆಯಿತು. ಬೀರೇಶ ಚಹಾದ ಲೋಟ ಕೊಡುವಾಗ ಅವಳ ಬೆರಳು ತಾಕಿಸುತ್ತಿದ್ದ. ಒಮ್ಮೆ ಪರದೆ ನೋಡುತ್ತಲೇ ಅಂದ, "ಯುಗಾದಿ ಆದಮ್ಯಾಲ ನಮ್ಮ ಕಾಕಾನ ಕೂಡ ಮಾತಾಡ್ತೀನಿ. ಹೂಂ ಅಂದರ ಹೂಂ. ಇಲ್ಲಂದರ ರಿಜಿಸ್ಟರ್ ಆಫೀಸು."

ಅವಳು ನಕ್ಕಳು. 'ಕೌದಿ ಹೋದರ ಹೋಗಲಿ... ಇದಾದರೂ ಉಳೀತಲ್ಲ.'

ಮರುದಿನ ಮಾನ್ವಿಯ ಒಂದು ಖಾಸಗಿ ಶಾಲೆಯ ವೆಬ್‌ಸೈಟಿಗೆಂದು ಫೋಟೋ ತೆಗೆಯಲು ಹೋದಳು. ಶಾಲೆ ನಡೆಸುವ ಕಮರುನ್ನೀಸಾ ವಯಸ್ಸಾದವರು. ಅವರ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ, ಅವಳ ಚೀಲದಲ್ಲಿ ಹೊಲಿದ ಕೊಕ್ಕರೆಯ ಮೇಲಿತ್ತು.

"ಬೇಟಿ, ಈ ಕೊಕ್ಕರೆ ನಾ ಎಲ್ಲೋ ನೋಡೀನಿ. ದೇವದುರ್ಗದ ಕೌದಿಯವರದಲ್ಲ?"

"ನಮ್ಮದೇ ರೀ."

"ಅರೆ, ನೀವು ಬಂದ್ ಮಾಡೀರಿ ಅಂದ್ರಲ್ಲ. ಹೋದ ದಸರಾಕ್ಕ ಸಣ್ಣ ಮಕ್ಕಳ ಕೋಣೆಗೆಲ್ಲ ಕೌದಿ ಬೇಕಂತ ಫೋನ್ ಹಚ್ಚಿದ್ದೆ. ದೀಪಾವಳಿಗೂ ಹಚ್ಚಿದೆ. ಆವಾಗೂ ಅದೇ ಹೇಳಿದರು."

"ಯಾರು ಹೇಳಿದರು?"

"ಯಾರೋ ಗಂಡಸು."

ಕಮರುನ್ನೀಸಾ ತಮ್ಮ ಫೋನಿನಲ್ಲಿ ಅವಳ ವೆಬ್‌ಸೈಟ್ ತೆರೆದರು. ಪುಟದ ಮೇಲೆ ವಿಶಾಖಾಳದೇ ನಂಬರ್ ಇತ್ತು. ಅದರ ಕೆಳಗಿನ, ಕರೆ ಮಾಡುವ ಹಸಿರು ಬಟನ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ವಿಶಾಖಾಳ ಫೋನ್ ಅವಳ ಕೈಯಲ್ಲೇ ಇತ್ತು. ಅದು ಮೊಳಗಲಿಲ್ಲ.

"ಹಲೋ," ಎಂದಿತು ಆ ಕಡೆಯ ದನಿ.

"ಕೌದಿ ಬೇಕಾಗಿತ್ತಪ್ಪಾ."

"ಆಕಿ ಆ ಕೆಲಸ ಬಿಟ್ಟಾಳ್ರಿ. ಭಾಳ ದಿನ ಆತು." ತುಸು ತಡೆದು, ಮೆತ್ತಗೆ ಸೇರಿಸಿತು. "ಈಗ ನಮ್ಮ ಕಡೆನೇ ಅದಾಳ."

ಬೀರೇಶನ ಆ ದನಿಯಲ್ಲಿ ಸುಖವಿತ್ತು.

ಹೊಸ ಸೈಟು ಮಾಡುವಾಗ ಬಟನ್ನಿಗೆ ಬೀರೇಶನ ನಂಬರ್ ಹಾಕಿ ಪರೀಕ್ಷಿಸುವುದು ಅಂಗಡಿಯ ರೂಢಿ. ಗಿರಾಕಿಗೆ ಒಪ್ಪಿಸುವ ಮುಂಚೆ ನಂಬರ್ ಬದಲಿಸಿ, ಕೊನೆಯ ಸಲ ಒತ್ತಿ ನೋಡುವ ಕೆಲಸ ಯಾವಾಗಲೂ ವಿಶಾಖಾಳದು. ತನ್ನ ಸೈಟನ್ನು ಮಾತ್ರ ಅವಳು ಒತ್ತಿ ನೋಡಿರಲಿಲ್ಲ. ಮಾಡಿದವನು ಬೀರೇಶನಲ್ಲವೇ...

ಆ ಸಂಜೆ ಅವಳು ರಾಯಚೂರಿಗೆ ಹೋಗಲಿಲ್ಲ. ದೇವದುರ್ಗದ ಬಸ್ಸು ಹತ್ತಿದಳು.

ಗೋಪಮ್ಮ ಕಟ್ಟೆಯ ಮೇಲೆ ಕೂತಿದ್ದಳು, ಬಲಗೈ ತೊಡೆಯ ಮೇಲೆ ಇಟ್ಟ ವಸ್ತುವಿನಂತೆ. ಮಗಳು ಹೇಳಿದ್ದನ್ನೆಲ್ಲ ಕೇಳಿದಳು. ಬೈಯಲಿಲ್ಲ, ಅಳಲೂ ಇಲ್ಲ.

"ಮಂದಿ ಕೇಳಿದ್ರಾ ಹಂಗಾರ?"

"ಕೇಳಿದ್ರವ್ವಾ."

"ಎಷ್ಟು ಮಂದಿ?"

ವಿಶಾಖಾಳಿಗೆ ಗೊತ್ತಿರಲಿಲ್ಲ.

ಗೋಪಮ್ಮ ಎಡಗೈಯಿಂದ ಒಳಗೆ ತೋರಿಸಿದಳು. "ಬಂಡೆಮ್ಮನ ಸೀರಿ ಕೌದಿ ಒಂದು ಮೂಲಿ ಉಳದದ. ಮುಗಿಸಿ ಕೊಟ್ಟು ಬಾ. ಸತ್ತವರ ಅರಿವಿ ನಮ್ಮನ್ಯಾಗ ಬ್ಯಾಡ. ರೊಟ್ಟಿ ಇಡೋದು ಮರೀಬ್ಯಾಡ."

ಕೌದಿ ಮುಚ್ಚುವ ಮುಂಚೆ ಕಡೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಬೇಕು. ಆಗಲೇ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ.

ವಿಶಾಖಾ ರೊಟ್ಟಿ ಮುರಿದಳು. ಸೂಜಿಗೆ ದಾರ ಪೋಣಿಸಿದಳು. ಕೈ ಮುಂದೆ ಹೋಗಲಿಲ್ಲ. ಚೂರನ್ನು ತಾನೇ ತಿಂದು, ಮೂಲೆಯನ್ನು ಹೊಲಿಯದೆ ಬಿಟ್ಟಳು.

ಮರುದಿನ ಬೀರೇಶ ಚಹಾ ತರಿಸಿ ಕಾಯುತ್ತಿದ್ದ. "ಫೋನ್ ಎತ್ತಲಿಲ್ಲಲ್ಲ. ಜೀವ ಹೋಗಿತ್ತು ನನಗ."

ಅವಳು ಕೌದಿಯನ್ನು ಮೇಜಿನ ಮೇಲಿಟ್ಟಳು. "ನಿನ್ನ ಋಣ. ತೀರಿಸೀನಿ."

ಅವನು ಬಿಡಿಸಿದ. ಬಂಡೆಮ್ಮನ ಕಂದು ಸೀರೆ ಹೊಲವಾಗಿತ್ತು, ಬಿಳಿಯದು ಕುರಿ ಹಿಂಡಾಗಿತ್ತು. ಹಿಂಡಿನ ಮುಂದೆ ಬೆನ್ನು ಮಾಡಿ ನಡೆಯುವ ಒಬ್ಬ ಹೆಂಗಸು. ಬೀರೇಶ ಅದರಲ್ಲಿ ಮುಖ ಹುದುಗಿಸಿದ.

"ಬಂದ್ ಮಾಡೀನಂತ ಎಷ್ಟು ಮಂದಿಗೆ ಹೇಳಿದಿ? ಅವ್ವ ಕೇಳ್ಯಾಳ."

ಅವನ ಬೆನ್ನು ಸೆಟೆಯಿತು. ಕೌದಿಯಿಂದ ಮುಖ ಎತ್ತಿದ.

"ನಂಬರ್ ಬದಲ್ಸೋದು ಖರೇನೇ ಮರ್ತಿದ್ದೆ. ಮೊದಲ ಫೋನ್ ಬಂದಾಗ ನಿನಗ ಹೇಳಬೇಕಂತಿದ್ದೆ. ಆದರ ಈ ಕುರ್ಚಿ ಖಾಲಿ ಇತ್ತು... ನಾಕು ದಿನ ಕೌದಿ ನಡೀಲಿಲ್ಲಂದರ ತಿರುಗಿ ಬರ್ತಾಳ ಅಂದ್ಕೊಂಡೆ. ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ."

"ಎಷ್ಟು ಮಂದಿ?"

"ಎಣಿಸಿಲ್ಲ."

"ಎಣಿಸಾಕ ಆಗದಷ್ಟು ಅಂತ ಅವ್ವಗ ಹೇಳ್ತೀನಿ. ಆಕಿಗೆ ಅಷ್ಟಾರ ಸಿಗಲಿ."

"ನಾ ಏನು ಮಾಡಿದರ ಇದು ತೀರ್ತದ, ವಿಶಾಖಾ?"

"ಅವ್ವನ ಬಲಗೈ ಕೊಡು."

ಕೆಳಗೆ ಟ್ರ್ಯಾಕ್ಟರೊಂದು ಹಾರ್ನ್ ಹಾಕಿ ಹೋಯಿತು.

"ನಿನ್ನ ಮ್ಯಾಲಿನ ಪ್ರೀತಿಗೆ ಮಾಡಿದೆ," ಎಂದ ಬೀರೇಶ.

"ಗೊತ್ತದ. ನನಗೂ ಇತ್ತು. ಅದಕ್ಕೇ ಆ ಬಟನ್ ಒತ್ತಿ ನೋಡಲಿಲ್ಲ ನಾನು."

ಅವಳು ತನ್ನ ಕುರ್ಚಿಯಲ್ಲಿ ಕೂತಳು. ಕೌದಿಯ ಸೈಟು ತೆರೆದು ಅವನ ನಂಬರ್ ಅಳಿಸಿ ತನ್ನದನ್ನು ಹಾಕಿದಳು. ಎದ್ದು ಚೀಲ ಹೆಗಲಿಗೇರಿಸಿದಳು.

"ಈಗ ಒತ್ತು."

ಅವನು ತನ್ನ ಫೋನಿನಲ್ಲಿ ಆ ಹಸಿರು ಬಟನ್ ಒತ್ತಿದ. ಚೀಲದೊಳಗೆ ಅವಳ ಫೋನ್ ಮೊಳಗಿತು... ಆ ಬಟನ್ನಿಗೆ ಮೊದಲ ಸಲ. ಅವಳ ಕಣ್ಣುಗಳು ತುಂಬಿದವು. ಫೋನ್ ಕಿವಿಗಿಟ್ಟುಕೊಂಡಳು. ನಡುವೆ ಒಂದು ಮೇಜಷ್ಟೇ ಇತ್ತು.

"ಹಲೋ... ಕೌದಿಯವರಾ?" ಎಂದ ಬೀರೇಶ.

"ಹೌದ್ರಿ. ಹೇಳ್ರಿ."

"ನಮ್ಮ ಕೌದಿದು ಒಂದು ಮೂಲಿ ಬಿಚ್ಚೇ ಅದ. ಹೊಲಿದು ಕೊಡ್ತೀರೇನು?"

"ನಿಮಗಿಂತ ಮೊದಲು ಕೇಳಿದವರು ಭಾಳ ಮಂದಿ ಅದಾರ್ರಿ. ಅವರದೆಲ್ಲ ಆಗಬೇಕು."

"ಕಾಯ್ತೀನಿ."

"ನಮ್ಮವ್ವನೂ ಕಾಯ್ದಿದ್ದಳ್ರಿ," ಎಂದಳು ವಿಶಾಖಾ ಮೆತ್ತಗೆ. ಫೋನ್ ಇಟ್ಟು ಮೆಟ್ಟಿಲಿಳಿದಳು.