ಉಪಗ್ರಹದ ರಗ್ಗು

ಟೀಚರ್ ಬೋರ್ಡಿನಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತರು. ಚಿತ್ರದ ಒಂದು ಮೂಲೆ ಜೋತುಬಿತ್ತು, ಆಮೇಲೆ ಇನ್ನೊಂದು. ಕೊನೆಗೆ ಇಡೀ ಹಾಳೆ ಅವರ ಕೈಗೆ ಬಂತು.

"ಚಿತ್ರ ತುಂಬ ಚೆನ್ನಾಗಿದೆ ಕಣೇ. ಆದ್ರೆ ಇದರ ಜಾಗ ಇಲ್ಲಿ ಅಲ್ಲ," ಎಂದರು.

ಇಲ್ಲಿ ಎಂದರೆ 'ವಿಜ್ಞಾನ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ನೀಲಿ ಬೋರ್ಡು. ಟೀಚರ್ ಹಾಳೆ ಹಿಡಿದುಕೊಂಡು ಎದುರಿನ ಗೋಡೆಗೆ ನಡೆದರು. ಅಲ್ಲಿ ಹಸಿರು ಬೋರ್ಡು. ಅದರ ನೆತ್ತಿಯ ಮೇಲೆ 'ಕತೆಗಳು' ಎಂದಿತ್ತು. ಮಾತಾಡುವ ಮೊಲ, ರೆಕ್ಕೆ ಬಂದ ಬಸ್ಸು, ಚಂದ್ರನ ಮೇಲೆ ಐಸ್‌ಕ್ರೀಂ ಅಂಗಡಿ ಎಲ್ಲ ಅಲ್ಲಿದ್ದವು. ಮೊಲದ ಪಕ್ಕ ಒಂದಿಷ್ಟು ಜಾಗ ಹುಡುಕಿ ಟೀಚರ್ ಚಿತ್ರವನ್ನು ಚುಚ್ಚಿದರು.

ಸಾಸಿವೆ ತನ್ನ ಬೆಂಚಿನ ಪಕ್ಕ ನಿಂತು ನೋಡುತ್ತಿದ್ದಳು. ಸಾಸಿವೆ ಅವಳ ನಿಜವಾದ ಹೆಸರಲ್ಲ. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತಾಳೆ ಎಂದು ಅಜ್ಜಿ ಇಟ್ಟ ಹೆಸರು. ಅದು ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ತಾನಾಗಿಯೇ ನಡೆದುಕೊಂಡು ಬಂದಿತ್ತು. ಹಾಜರಿ ಕೂಗುವಾಗ ಬಿಟ್ಟರೆ ಟೀಚರ್ ಕೂಡ ಅವಳನ್ನು ಹಾಗೆಯೇ ಕರೆಯುತ್ತಿದ್ದರು.



ಚಿತ್ರದಲ್ಲಿದ್ದದ್ದು ಒಂದು ಉಪಗ್ರಹ. ಹೋದ ತಿಂಗಳು ರಾಕೆಟ್ಟಿನಲ್ಲಿ ಕೂತು ಮೇಲೆ ಹೋಗಿ, ಈಗ ಭೂಮಿಯನ್ನು ಸುತ್ತುತ್ತಾ ಮೋಡ, ಕಾಡು, ಕರಗುತ್ತಿರುವ ಹಿಮ ಎಲ್ಲದರ ಫೋಟೋ ತೆಗೆಯುತ್ತಿತ್ತಲ್ಲ, ಅದೇ. ಅದು ಕಳಿಸಿದ ಮೊದಲ ಫೋಟೋ ಪೇಪರಿನಲ್ಲಿ ಬಂದಿತ್ತು. ಒಂದು ನದಿ ಸಮುದ್ರ ಸೇರುವ ಜಾಗ. ನೀಲಿ ನೀರಿನೊಳಗೆ ಕೆಸರಿನ ಬಣ್ಣ ಎಳೆ ಎಳೆಯಾಗಿ ಹರಡಿಕೊಂಡಿತ್ತು. ಟೀಚರ್ ಆ ಪೇಪರನ್ನು ತರಗತಿಗೆ ತಂದು ತೋರಿಸಿ, ಎಲ್ಲರೂ ಬಾಹ್ಯಾಕಾಶದ ಬಗ್ಗೆ ಏನಾದರೂ ಬರೆದು ತನ್ನಿ, ಶನಿವಾರ ನಿಮ್ಮ ಮನೆಯವರು ಬಂದು ನೋಡುತ್ತಾರೆ ಎಂದಿದ್ದರು.

ಸಾಸಿವೆ ಉಪಗ್ರಹಕ್ಕೆ ಎರಡು ಉದ್ದನೆಯ ರೆಕ್ಕೆ ಬರೆದಳು. ಕ್ಯಾಮೆರಾ ಇರುವಲ್ಲಿ ಒಂದು ದೊಡ್ಡ ಕಣ್ಣು ಬರೆದಳು. ಮೈತುಂಬ ಚಿನ್ನದ ಬಣ್ಣ ಬಳಿದಳು. ಅದು ಒಣಗಿದ ಮೇಲೆ ಕಪ್ಪು ಪೆನ್ನಿನಿಂದ ಸಣ್ಣ ಸಣ್ಣ ಹೊಲಿಗೆ ಹಾಕಿದಳು, ಅಂಚಿನ ಸುತ್ತ ಒಂದು ಸಾಲು, ನಡುವೆ ಹೂವು ಬಳ್ಳಿಯೆಲ್ಲ ಬಿಡಿಸಿ. ಕೆಳಗೆ ಒಂದು ಸಾಲು ಬರೆದಳು: 'ಇದು ಹೊದ್ದುಕೊಂಡಿರುವ ರಗ್ಗನ್ನು ಹೊಲಿದದ್ದು ನಮ್ಮಮ್ಮ.'

ಆ ಸಾಲೇ ಈಗ ಚಿತ್ರವನ್ನು ಮೊಲದ ಪಕ್ಕಕ್ಕೆ ತಳ್ಳಿತ್ತು.

"ಅದು ಕತೆ ಅಲ್ಲ ಟೀಚರ್," ಎಂದಳು ಸಾಸಿವೆ. "ನಿಜವಾಗ್ಲೂ ನಮ್ಮಮ್ಮನೇ ಹೊಲಿದಿದ್ದು."

ಟೀಚರ್ ನಕ್ಕರು. ಅವರು ಕೆಟ್ಟವರಲ್ಲ. ಯಾರಿಗೂ ಹೊಡೆದವರಲ್ಲ, ಬೈದದ್ದೂ ಕಡಿಮೆ. ಆದರೆ ಆ ನಗು ಇತ್ತಲ್ಲ, ಅದು ಹಾಸಿಗೆ ಕೆಳಗೆ ಹುಲಿ ಇದೆ ಎನ್ನುವ ಪುಟ್ಟ ಮಗುವನ್ನು ನೋಡಿ ನಗುವ ನಗು. ಕಲ್ಪನೆ ಇರಬೇಕು, ಅದೇನೂ ತಪ್ಪಲ್ಲ ಎಂದರು. ಉಪಗ್ರಹ ಒಂದು ಯಂತ್ರ, ಅದನ್ನು ಎಂಜಿನಿಯರುಗಳು ಮಾಡುತ್ತಾರೆ, ಯಂತ್ರಕ್ಕೆ ಯಾರಾದರೂ ರಗ್ಗು ಹೊಲಿಯುತ್ತಾರಾ ಎಂದು ಸಮಾಧಾನವಾಗಿಯೇ ಕೇಳಿದರು.

ಹಿಂದಿನ ಬೆಂಚಿನಲ್ಲಿ ವಾಚು ಕೂತಿದ್ದ. ಅವರಪ್ಪನ ಹಳೆಯ ವಾಚನ್ನು ಮೊಣಕೈವರೆಗೆ ಏರಿಸಿಕೊಂಡು ಬರುವ ಹುಡುಗ ಅವನು.

"ಬರೀ ರಗ್ಗು ಸಾಕಾ? ದಿಂಬು ಕೊಡ್ಲಿಲ್ವಾ?" ಎಂದ.

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಉಪಗ್ರಹಕ್ಕೆ ಸ್ವೆಟರೂ ಬಂತು, ಕಾಲುಚೀಲವೂ ಬಂತು. ಮನೆಗೆ ಹೊರಡುವಷ್ಟರಲ್ಲಿ ಸಾಸಿವೆಯ ಹೆಸರು ರಗ್ಗು ಎಂದಾಗಿತ್ತು.

ಅದನ್ನು ಬೇಕಾದರೆ ಅವಳು ನುಂಗಿಕೊಳ್ಳುತ್ತಿದ್ದಳು. ವಾಚು ನಾಳೆ ಇನ್ನೊಬ್ಬರಿಗೆ ಇನ್ನೊಂದು ಹೆಸರು ಇಡುತ್ತಾನೆ. ಆದರೆ ಮೊಲ? ದಾರಿಯುದ್ದಕ್ಕೂ ಆ ಮೊಲವೇ ಕಣ್ಣಿಗೆ ಕಟ್ಟುತ್ತಿತ್ತು. ಮಾತಾಡುವ ಮೊಲ, ಹಾರುವ ಬಸ್ಸು, ಅವುಗಳ ಜೊತೆಗೆ ಅಮ್ಮ. ಬೆಳಗಾಗುವ ಮೊದಲೇ ಎದ್ದು, ತಲೆ ಬಾಚಿ, ವ್ಯಾನ್ ಹತ್ತುವ ಅಮ್ಮ. ಅವಳೂ ಒಂದು ಕಟ್ಟುಕತೆಯಾ? ಸಾಸಿವೆ ರಸ್ತೆ ಬದಿಯ ಕಲ್ಲೊಂದನ್ನು ಜೋರಾಗಿ ಒದ್ದಳು. ಕಲ್ಲಿಗೆ ಏನೂ ಆಗಲಿಲ್ಲ, ಕಾಲಿನ ಬೆರಳು ನೋಯಿತು. ಅದಕ್ಕೂ ಸಿಟ್ಟು ಬಂತು.

ಸಂಜೆ ಅಮ್ಮ ಬಂದು, ಚಪ್ಪಲಿ ಬಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಅಜ್ಜಿ ಬಿಸಿ ಬಿಸಿ ಟೀ ಕೊಟ್ಟಳು. ಅಮ್ಮ ಲೋಟವನ್ನು ಅಂಗೈಯಲ್ಲಿ ಹಿಡಿದಳೇ ಹೊರತು ಬೆರಳ ತುದಿ ತಾಗಿಸಲಿಲ್ಲ. ಅವಳ ಬೆರಳ ತುದಿಗಳು ಒಡೆದಿದ್ದವು. ಕೆಲಸದ ದಿನಗಳಲ್ಲಿ ಕೈಗೆ ಕ್ರೀಮು ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ. ಅವಳು ಕೆಲಸ ಮಾಡುವ ಕೋಣೆಯಲ್ಲಿ ಒಂದು ಧೂಳಿನ ಕಣವೂ ಇರಬಾರದಂತೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಟೋಪಿ, ಮಾಸ್ಕು, ಕೈಗವಸು. ಮೊದಲು ಅಮ್ಮ ಒಂದು ಗಾರ್ಮೆಂಟ್ಸಿನಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಉಪಗ್ರಹಕ್ಕೆ ಬೇಕಾದದ್ದನ್ನು ಮಾಡಿಕೊಡುವ ಈ ಕಂಪನಿಯವರು ಅವಳ ಕೈಯ ಹೊಲಿಗೆ ನೋಡಿ ಕರೆದುಕೊಂಡಿದ್ದರು.

ಆ ರಗ್ಗಿನ ವಿಷಯವನ್ನು ಅಮ್ಮ ಮೊದಲ ಸಲ ಹೇಳಿದ್ದು ಇದೇ ಸ್ಟೂಲಿನ ಮೇಲೆ. ಮೇಲೆ ಗಾಳಿ ಇಲ್ಲ, ಬಿಸಿಲು ಬಿದ್ದ ಮಗ್ಗುಲು ಕಾದ ಹೆಂಚು, ನೆರಳಿನ ಮಗ್ಗುಲು ಐಸಿಗಿಂತ ತಣ್ಣಗೆ. ಹಾಗೇ ಬಿಟ್ಟರೆ ಒಳಗಿನ ಯಂತ್ರ ಕೆಡುತ್ತದೆ. ಅದಕ್ಕೇ ತೆಳ್ಳನೆಯ ಹೊಳೆಯುವ ಶೀಟು, ಅದರ ಮೇಲೆ ಬಲೆಯಂಥ ಬಟ್ಟೆ, ಮತ್ತೆ ಶೀಟು, ಮತ್ತೆ ಬಲೆ, ಹೀಗೆ ಪದರ ಪದರವಾಗಿ ಇಟ್ಟು ಹೊಲಿಯುತ್ತಾರೆ. ಕೇಳಿ ಅಜ್ಜಿ, "ಪಾಪ, ಅಷ್ಟು ಮೇಲೆ ಒಂದೇ ಇರತ್ತೆ, ಹೊದ್ಕೊಳ್ಳೋಕೆ ಏನಾದ್ರೂ ಬೇಡ್ವಾ," ಎಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಅದು ಉಪಗ್ರಹದ ರಗ್ಗು.

"ಅಮ್ಮಾ, ಆ ಚಿನ್ನದ ಶೀಟಿನ ಒಂದು ಚೂರು ತಂದ್ಕೊಡು," ಎಂದಳು ಸಾಸಿವೆ.

"ಯಾಕೆ?"

"ಸುಮ್ನೆ."

ಆಗುವುದಿಲ್ಲ ಎಂದಳು ಅಮ್ಮ. ಕತ್ತರಿಸಿದ ದಾರದ ತುದಿಯನ್ನೂ ಒಂದು ಡಬ್ಬಿಗೆ ಹಾಕಿ ವಾಪಸ್ಸು ಕೊಡಬೇಕು. ಒಂದು ಎಳೆ ಒಳಗೆ ಉಳಿದುಕೊಂಡು, ಅದು ಮೇಲೆ ಹೋಗಿ ಎಲ್ಲಿಗಾದರೂ ಸಿಕ್ಕಿಕೊಂಡರೆ ಏಣಿ ಹಾಕಿ ತೆಗೆಯುವವರು ಯಾರು? ಹೋಗಲಿ, ಒಂದು ಫೋಟೋ ಎಂದಳು ಸಾಸಿವೆ. ಫೋನನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು ಎಂದಳು ಅಮ್ಮ.

"ಹಾಗಾದ್ರೆ ನೀನೇ ಹೊಲಿದಿದ್ದು ಅಂತ ಯಾರು ನಂಬ್ತಾರೆ?"

ಅಮ್ಮ ನಕ್ಕಳು. "ನೀನು ನಂಬ್ತೀಯಲ್ಲ, ಸಾಕು ಬಿಡು."

ಹೂಂ ಎನ್ನಬೇಕಿತ್ತು. ತಕ್ಷಣ ಎನ್ನಬೇಕಿತ್ತು. ಆದರೆ ಸರಿಯಾಗಿ ಆ ಗಳಿಗೆಗೆ ಟೀಚರ್ ನಗು ನೆನಪಿಗೆ ಬಂತು. ಸಾಸಿವೆ ಆ ಕೋಣೆಯನ್ನು ನೋಡಿರಲಿಲ್ಲ. ಆ ಶೀಟನ್ನು ಮುಟ್ಟಿರಲಿಲ್ಲ. ಅವಳ ಹತ್ತಿರ ಇದ್ದದ್ದು ಅಮ್ಮನ ಮಾತು ಮಾತ್ರ. ಅಮ್ಮ ಸುಮ್ಮನೆ ಮಗಳನ್ನು ಖುಷಿಪಡಿಸಲಿಕ್ಕೆ ಏನಾದರೂ...

"ಹೂಂ," ಎಂದಳು. ಆದರೆ ಅದು ತಡವಾಗಿ ಬಂತು.

ಕೂದಲೆಳೆಯಷ್ಟು ಹೊಲಿಗೆ ಆಚೀಚೆ ಆದರೂ ಕಂಡುಹಿಡಿಯುವವಳು ಅಮ್ಮ. ಅವಳಿಗೆ ಅದು ಗೊತ್ತಾಗದೆ ಇರುತ್ತದಾ? ಎದ್ದು ಹೋಗಿ, ಲೋಟ ತೊಳೆಯತೊಡಗಿದಳು. ಹಸಿರು ಬೋರ್ಡಿನ ಸುದ್ದಿ ಹೇಳಲು ಸಾಸಿವೆಗೆ ಆಮೇಲೆ ಬಾಯಿಯೇ ಬರಲಿಲ್ಲ.

ಶನಿವಾರ ಮುಂಚೆಯೇ ಓಡಿಹೋಗಿ, ಯಾರೂ ಬರುವ ಮೊದಲು ಚಿತ್ರವನ್ನು ನೀಲಿ ಬೋರ್ಡಿಗೆ ಹಾಕಿಬಿಡಬೇಕು ಎಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಅಮ್ಮ ಬಿಡಬೇಕಲ್ಲ. ಜೊತೆಗೇ ಹೋಗೋಣ ಎಂದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಳು. ರಜೆಯ ದಿನವಾದ್ದರಿಂದ ಕೈಗೆ ಕ್ರೀಮು ಹಚ್ಚಿಕೊಂಡಳು. ದಾರಿಯುದ್ದಕ್ಕೂ ಮಗಳ ಕೈ ಹಿಡಿದುಕೊಂಡೇ ನಡೆದಳು. ಸಾಸಿವೆಯ ಕೈಗೂ ಆ ಕ್ರೀಮಿನ ಘಮ ಹತ್ತಿತು.

ತರಗತಿಯಲ್ಲಿ ಆಗಲೇ ಜನ ತುಂಬಿದ್ದರು. ಅಮ್ಮ ಬಾಗಿಲು ದಾಟಿ ನೆಟ್ಟಗೆ ನೀಲಿ ಬೋರ್ಡಿನ ಹತ್ತಿರ ಹೋದಳು. ಒಂದು ತುದಿಯಿಂದ ನೋಡುತ್ತಾ ಬಂದಳು. ವಾಚು ಬರೆದ ರಾಕೆಟ್ಟು, ಯಾರದೋ ದೂರದರ್ಶಕ, ಗುಳಿ ಗುಳಿ ಚಂದ್ರ. ಇನ್ನೊಂದು ತುದಿ ಬಂತು. ಕೆಳಗಿನ ಸಾಲನ್ನು ಬಗ್ಗಿ ನೋಡಿದಳು. ಮತ್ತೆ ಮೊದಲಿನಿಂದ ಶುರುಮಾಡಿದಳು.

"ನಿನ್ನದೆಲ್ಲೇ?"

ಸಾಸಿವೆಯ ಕಣ್ಣು ಎದುರಿನ ಗೋಡೆಗೆ ಹೋಯಿತು. ಅಮ್ಮ ತಿರುಗಿದಳು. ಚಿನ್ನದ ಬಣ್ಣ ದೂರದಿಂದಲೇ ಮಿಂಚುತ್ತಿತ್ತು. ಹತ್ತಿರ ಹೋಗಿ, ಕೆಳಗಿನ ಸಾಲು ಓದಿದಳು. ಮುಖ ಅರಳಿತು. ಆಮೇಲೆ ಕಣ್ಣೆತ್ತಿ ಬೋರ್ಡಿನ ಹೆಸರು ಓದಿದಳು.

ಮಗಳ ಕಡೆ ಬಗ್ಗಿ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ, "ನೀನೂ ಇದನ್ನ ಕತೆ ಅಂತಲೇ ಅಂದ್ಕೊಂಡ್ಯಾ?" ಎಂದು ಕೇಳಿದಳು.

ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸಾಸಿವೆಗೆ ಮೈಯೆಲ್ಲ ಉರಿದುಹೋಯಿತು. ಟೀಚರ್ ಮೇಲೆ, ವಾಚು ಮೇಲೆ, ಆ ಹಲ್ಲು ಬಿಡುವ ಮೊಲದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಡವಾಗಿ ಬಂದ ಆ ತನ್ನ ಹೂಂ ಮೇಲೆ. ಕೈ ಚಾಚಿ ಪಿನ್ನುಗಳನ್ನು ಕಿತ್ತಳು. ಹಾಳೆಯನ್ನು ಎದೆಗೆ ಅವುಚಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಎದುರು ಗೋಡೆಗೆ ಹೋದಳು. ನೀಲಿ ಬೋರ್ಡಿನಲ್ಲಿ ಜಾಗವಿರಲಿಲ್ಲ. ವಾಚುವಿನ ರಾಕೆಟ್ಟನ್ನು ಸ್ವಲ್ಪ ಸರಿಸಿದಳು.

"ಏಯ್, ಅದು ನಂದು," ಎಂದ ವಾಚು.

"ಇದು ನಮ್ಮಮ್ಮಂದು."

ಅವಸರದಲ್ಲಿ ಒಂದು ಪಿನ್ನು ಕೆಳಗೆ ಬಿತ್ತು. ಅದು ನೆಲ ಮುಟ್ಟಿತೋ ಇಲ್ಲವೋ, ಹಿಂದೆಯೇ ಬಂದಿದ್ದ ಅಮ್ಮ ಬಗ್ಗಿ ಎತ್ತಿಕೊಂಡಳು. ಬಿದ್ದ ಪಿನ್ನನ್ನು ನೆಲದ ಮೇಲೆ ಬಿಟ್ಟು ಅವಳಿಗೆ ಅಭ್ಯಾಸವೇ ಇಲ್ಲ.

ಟೀಚರ್ ಬಂದರು. ಸುತ್ತಲಿನ ಮಾತು ತಣ್ಣಗಾಯಿತು. ಇವಳು ಬರೆದಿರುವುದು ನಿಜವಾ ಎಂದು ಅಮ್ಮನನ್ನು ಕೇಳಿದರು.

"ನಿಜ ಮೇಡಂ. ಹೊಲಿಯೋರಲ್ಲಿ ನಾನೂ ಒಬ್ಬಳು. ನಮ್ಮಲ್ಲಿ ಅದಕ್ಕೆ ಬ್ಲಾಂಕೆಟ್ ಅಂತಲೇ ಅನ್ನೋದು. ಮನೇಲಿ ರಗ್ಗು ಅಂತೀವಿ."

ಟೀಚರ್ ಚಿತ್ರ ನೋಡಿದರು, ಸಾಸಿವೆಯನ್ನು ನೋಡಿದರು. "ನನಗೆ ಹೇಳ್ಬೇಕಿತ್ತಲ್ವಾ ನೀನು?"

"ಹೇಳ್ದೆ ಟೀಚರ್," ಎಂದಳು ಸಾಸಿವೆ.

ಜೋರಾಗಿ ಹೇಳಲಿಲ್ಲ. ಆದರೂ ಕೋಣೆಯಲ್ಲಿ ಇದ್ದವರಿಗೆಲ್ಲ ಕೇಳಿಸಿತು. ಟೀಚರ್ ಕಿವಿ ಕೆಂಪಾಯಿತು.

"ಹೌದು, ನೀನು ಹೇಳಿದ್ದೆ," ಎಂದರು. "ನಾನೇ ಕೇಳಿಸ್ಕೊಳ್ಳಲಿಲ್ಲ." ಆಮೇಲೆ ಅಮ್ಮನ ಕೈಯಿಂದ ಆ ಪಿನ್ನು ಇಸಿದುಕೊಂಡು, ಜೋತುಬಿದ್ದಿದ್ದ ಮೂಲೆಗೆ ತಾವೇ ಚುಚ್ಚಿದರು. ಈ ಸಲ ನಗಲಿಲ್ಲ. ಸಾಸಿವೆಯೂ ನಗಲಿಲ್ಲ. ಅವಳ ಸಿಟ್ಟು ಇಳಿಯಲು ಇನ್ನೂ ಹೊತ್ತು ಬೇಕಿತ್ತು.

ವಾಚು ತನ್ನ ರಾಕೆಟ್ಟನ್ನು ಮರೆತು ಮುಂದೆ ಬಂದಿದ್ದ. "ಆಂಟೀ, ಅದಕ್ಕೆ ನಿಜವಾಗ್ಲೂ ಚಳಿ ಆಗತ್ತಾ?" ಎಂದು ಕೇಳಿದ. ಅಮ್ಮ ಅವನಿಗೂ ಬಿಸಿಲಿನ ಮಗ್ಗುಲು, ನೆರಳಿನ ಮಗ್ಗುಲು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಚಿತ್ರವನ್ನು ಹತ್ತಿರದಿಂದ ನೋಡಿ, ತಟ್ಟನೆ ನಕ್ಕುಬಿಟ್ಟಳು.

"ಅಯ್ಯೋ, ಇಷ್ಟೊಂದು ಹೂವು ಬಳ್ಳಿ ಹೊಲಿದಿದ್ರೆ ನನ್ನ ಕೆಲಸ ಹೋಗಿರೋದು ಕಣೇ."

"ಯಾಕೆ?"

ಸೂಜಿ ಹೋದಲ್ಲೆಲ್ಲ ಒಂದು ತೂತು, ಒಂದೊಂದು ತೂತಿನಿಂದಲೂ ಬಿಸಿ ಸೋರಿಹೋಗುತ್ತದೆ ಎಂದಳು ಅಮ್ಮ. ಅದಕ್ಕೇ ಎಷ್ಟು ಬೇಕೋ ಅಷ್ಟೇ ಹೊಲಿಗೆ, ಅದೂ ಅಂಚಿನಲ್ಲಿ.

ಸಾಸಿವೆ ಚಿತ್ರವನ್ನು ನೋಡಿದಳು. ಎಲ್ಲರಿಗೂ ಎದ್ದು ಕಾಣಲಿ ಎಂದೇ ಅವಳು ಅಷ್ಟೊಂದು ಹೊಲಿಗೆ ಹಾಕಿದ್ದಳು. ಬ್ಯಾಗಿನಿಂದ ಚಿನ್ನದ ಬಣ್ಣದ ಸ್ಕೆಚ್ ಪೆನ್ನು ತೆಗೆದಳು. ಬೋರ್ಡಿನ ಮೇಲೆಯೇ ಹೂವುಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ಬಳ್ಳಿ ಹೋಯಿತು, ಎಲೆ ಹೋಯಿತು. ಚಿನ್ನ ಮಾತ್ರ ಉಳಿಯಿತು. ಅಂಚಿನ ಹೊಲಿಗೆಯ ಹತ್ತಿರ ಬಂದಾಗ ಕೈ ನಿಲ್ಲಿಸಿ ಅಮ್ಮನ ಮುಖ ನೋಡಿದಳು.

"ಅದಿರಲಿ," ಎಂದಳು ಅಮ್ಮ. "ಅದು ನಂದು."

ಸಾಸಿವೆ ಪೆನ್ನಿಗೆ ಮುಚ್ಚಳ ಹಾಕಿ ಹಿಂದಕ್ಕೆ ಸರಿದಳು. ಅಮ್ಮನ ಕೈ ಹುಡುಕಿ ಹಿಡಿದುಕೊಂಡಳು. ಕ್ರೀಮು ಹಚ್ಚಿದ್ದರೂ ಬೆರಳ ತುದಿ ಇನ್ನೂ ಒರಟಾಗಿಯೇ ಇತ್ತು. ಅಲ್ಲಿಂದ ನೋಡಿದರೆ ಆ ಹೊಲಿಗೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆದರೆ ಅದು ಎಲ್ಲಿದೆ ಎಂದು ಸಾಸಿವೆಗೆ ಗೊತ್ತಿತ್ತು.