ಗಾಸ್ಪಾರನ ಪೀಪಾಯಿ

ನಲ್ಲಿ ತಿರುಗಿಸಿದರೆ ಎರಡೇ ಹನಿ ಬಿತ್ತು. ಕಸಿಲ್ದಾ ಪೀಪಾಯಿಯನ್ನು ಮುಂದಕ್ಕೆ ಬಗ್ಗಿಸಿದಳು. ಮೂರನೆಯದು ಬೀಳಲಿಲ್ಲ.

"ಕದ್ದುಬಿಟ್ಟಿದ್ದಾರೆ! ನನ್ನ ಗಾಸ್ಪಾರನ ವೈನು— ಯಾರೋ ಕದ್ದುಬಿಟ್ಟಿದ್ದಾರೆ!"

ವೈನಿಗೇ ಹೆಸರಾದ ಹೆರೆಸ್ ಊರಿನ ಭಾನುವಾರದ ಮಧ್ಯಾಹ್ನ. ಚರ್ಚು ಮುಗಿಸಿದವರೆಲ್ಲ ನೇರ ಅವಳ ಬಾರಿಗೇ ನುಗ್ಗುವ ಹೊತ್ತು. ಕೌಂಟರಿನುದ್ದಕ್ಕೂ ಸೀಗಡಿ, ಆಲಿವ್, ಒಣಗಿಸಿದ ಹಂದಿಮಾಂಸದ ಪುಟ್ಟ ಪುಟ್ಟ ತಾಪಾಸ್ ತಟ್ಟೆಗಳು. ಮೂಲೆಯಲ್ಲಿ ಯಾರೋ ಚಪ್ಪಾಳೆ ತಟ್ಟಿ ಹಾಡು ಎತ್ತಿದ್ದರು. ಹಿಂದಿನ ಕೋಣೆಯಲ್ಲಿ ಕಸಿಲ್ದಾ ಕುಸಿದು ಕೂತಿದ್ದಳು. ಗಂಡ ಸಾಯುವ ಮುಂಚೆ ಕೈಯಾರೆ ತುಂಬಿಸಿಟ್ಟ ಪೀಪಾಯಿ ಅದೊಂದೇ. ಏಳು ವರ್ಷದಿಂದ ದಿನಾ ಇದೇ ಹೊತ್ತಿಗೆ ಒಳಗೆ ಬಂದು, ಒಂದು ಲೋಟ ಬಸಿದು ಕುಡಿದು, "ಬಾರು ತುಂಬಿದೆ ಕಣೋ" ಎಂದು ಅವನಿಗೆ ವರದಿ ಒಪ್ಪಿಸುತ್ತಿದ್ದಳು. ಅವಳ ಪಾಲಿಗೆ ಗಂಡ ಪೂರ್ತಿ ಸತ್ತಿರಲಿಲ್ಲ.

ಕಾಯಂ ಗಿರಾಕಿ, ನಿವೃತ್ತ ಇನ್ಸ್‌ಪೆಕ್ಟರ್ ಲೆಯಾಂದ್ರೊ ಸೀಗಡಿ ಸುಲಿಯುತ್ತಿದ್ದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

"ಈ ಕೋಣೆ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಇನ್ನೊಂದು ಎವಾರಿಸ್ತೊ ಹತ್ರ ಇತ್ತು. ಅವನು ಹೋದ್ಮೇಲೆ ಫುಯೆನ್ಸಾಂತಾಗೆ ಕೊಟ್ಟೆ."

ಎವಾರಿಸ್ತೊ ಇಪ್ಪತ್ತೈದು ವರ್ಷ ಅಲ್ಲಿ ಬಡಿಸಿದವನು. ಸತ್ತು ನಲವತ್ತು ದಿನವಾಗಿತ್ತು. ಫುಯೆನ್ಸಾಂತಾ ಅಡುಗೆಯವಳು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ನಾನಂತೂ ಮುಟ್ಟಿಲ್ಲಪ್ಪ!" ಎಂದ ಅವಳ ಹಿಂದಿನಿಂದ ಇಣುಕಿದ ಕಸಿಲ್ದಾಳ ಮೈದುನ ನಿಕಾಸಿಯೊ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕ್ರೀ ಮುಟ್ಕೋತೀರಿ?" ಎಂದರು ಲೆಯಾಂದ್ರೊ.

"ಹೋದ ವರ್ಷ, ಬಾಗಿಲು ತೆರೆದಿದ್ದಾಗ... ಒಂದೇ ಲೋಟ. ಅಣ್ಣನ ವೈನು ಅಂತ ಆಸೆಪಟ್ಟು ಕುಡಿದೆ. ಹೊರಗೆ ಮಾರೋ ವೈನಿನ ಥರಾನೇ ಇತ್ತು, ಆಣೆಗೂ!"

"ನಿನ್ನ ನಾಲಗೆಗೆ ವಿನಿಗರ್ರೂ ಅದೇ ಥರಾನೇ!" ಕಸಿಲ್ದಾ ಗದರಿದಳು. ಸಿಟ್ಟು ಅಡುಗೆಯವಳ ಕಡೆ ತಿರುಗಿತು. "ನೀನು ಮಾತಾಡೇ! ನೀನಾ ತೆಗೆದಿದ್ದು?"

ಫುಯೆನ್ಸಾಂತಾ ಏಪ್ರನ್ನಿನ ಅಂಚು ಹಿಡಿದುಕೊಂಡಳು.

"ಉಂಡ ಮನೆಗೆ ಎರಡು ಬಗೀತೀಯಾ? ಹೊರಡು. ಈಗಲೇ ಹೊರಡು!"

ಫುಯೆನ್ಸಾಂತಾ ಏಪ್ರನ್ ಬಿಚ್ಚತೊಡಗಿದಳು.

"ಒಂದು ನಿಮಿಷ," ಎಂದರು ಲೆಯಾಂದ್ರೊ. ಪೀಪಾಯಿಯ ಮೇಲಿನ ಬಿರಡೆಯನ್ನು ಬೆರಳಲ್ಲಿ ತಿರುಗಿಸಿದರು. ಸಲೀಸಾಗಿ ಬಂತು. "ಇದನ್ನ ನೀವು ತೆಗೀತಿದ್ರಾ?"

"ಒಂದು ದಿನವೂ ಇಲ್ಲ. ಗಾಸ್ಪಾರ್ ಬಡಿದು ಕೂರಿಸಿದ್ದು."

"ಆದ್ರೆ ಯಾರೋ ತೆಗೆದೂ ತೆಗೆದೂ ಸವೆದಿದೆ. ಪೀಪಾಯಿ ಎಷ್ಟು ಹಿಡಿಯುತ್ತೆ?"

"ಮೂವತ್ತು ಲೀಟರ್."

"ಲೀಟರಿಗೆ ಇಂಥವು ಹತ್ತು ಲೋಟ. ಅಂದ್ರೆ ಮುನ್ನೂರು ದಿನ. ನೀವು ಏಳು ವರ್ಷ ಕುಡಿದಿದ್ದೀರಿ, ಅಮ್ಮಾ!"

ಕಸಿಲ್ದಾ ಕೈಯಲ್ಲಿದ್ದ ಲೋಟ ನೋಡಿಕೊಂಡಳು.

"ಈ ಊರಲ್ಲಿ ಪೀಪಾಯಿ ಬರಿದಾಗೋದನ್ನ ಯಾರು ಕಂಡಿದ್ದಾರೆ? ಹಳೇ ಪೀಪಾಯಿಯಿಂದ ಬಸಿದಷ್ಟನ್ನ ಹೊಸ ವೈನಿಂದ ತುಂಬಿಸ್ತಾನೇ ಇರ್ತೀವಿ. ಅದಕ್ಕೇ ನಮಗ್ಯಾರಿಗೂ ಅನುಮಾನ ಬರಲಿಲ್ಲ, ನನಗೂ! ಪಾಪ, ನಿಕಾಸಿಯೊ ನಾಲಗೆಯೊಂದೇ ನಿಜ ಹೇಳಿತ್ತು. ಗಾಸ್ಪಾರನ ವೈನು ಮೊದಲ ವರ್ಷವೇ ಮುಗೀತು. ಮುಗಿಸಿದ್ದು ನೀವೇ. ಯಾರು ಕದ್ದರು ಅಂತ ಕೇಳ್ಬೇಡಿ. ಯಾರು ತುಂಬಿಸ್ತಿದ್ರು? ಯಾರು ಸತ್ತ ಮೇಲೆ ಇದು ಬರಿದಾಯ್ತು?"

"ಎವಾರಿಸ್ತೊ," ಎಂದಳು ಕಸಿಲ್ದಾ.

ಫುಯೆನ್ಸಾಂತಾ ತಲೆಯೆತ್ತಿದಳು. "ತಿಂಗಳಿಗೊಮ್ಮೆ, ಬಾಗಿಲು ಮುಚ್ಚಿದ ಸೋಮವಾರ ಬಂದು ಮೂರ್ನಾಲ್ಕು ಲೀಟರ್ ಸುರೀತಿದ್ದ. 'ಅಕ್ಕ ಈ ಪೀಪಾಯಿ ಮುಂದೆ ನಿಂತಾಗ ಮಾತ್ರ ನಗ್ತಾಳೆ. ಇದು ಬರಿದಾಗಬಾರದು' ಅಂತಿದ್ದ. ಹೇಳಬೇಡ ಅಂತ ಮಾತೆ ಮರಿಯಳ ಮೇಲೆ ಆಣೆ ಹಾಕಿಸ್ಕೊಂಡಿದ್ದ."

"ಬೀಗದ ಕೈ ನಿನ್ನ ಹತ್ರಾನೇ ಇತ್ತಲ್ಲೇ... ಆಮೇಲೆ ನೀನ್ಯಾಕೆ ಸುರಿಯಲಿಲ್ಲ?"

"ಎರಡು ಸಲ ಬಂದೆ. ಬಿರಡೆ ತೆಗೆದೆ. ಕೈ ಬರ್ಲಿಲ್ಲ ಅಕ್ಕಾ. ಒಳಗಿದ್ದದ್ದು ಅವನು ಸುರಿದ ಕೊನೇ ವೈನು. ಅದಕ್ಕೆ ಇನ್ನೊಂದನ್ನ ಹೇಗೆ ಬೆರೆಸ್ಲಿ? ನಿಮಗೆ ಗಾಸ್ಪಾರ್ ಹೇಗೋ, ನನಗೆ ಅವನು ಹಾಗೇ. ಅವನಿಗೂ ಹೇಳಿರ್ಲಿಲ್ಲ."

ಹೊರಗೆ ಯಾರೋ ಇನ್ನೊಂದು ತಟ್ಟೆ ಸೀಗಡಿಗೆ ಕೂಗಿದರು. ಕಸಿಲ್ದಾಗೆ ಇನ್ನೊಂದು ದಿನ ನೆನಪಾಯಿತು.

"ಅವನ ಮಣ್ಣಿನ ದಿನ... ಗಿರಾಕಿ ಜಾಸ್ತಿ ಅಂತ ನಿನ್ನನ್ನ ಒಲೆ ಬಿಟ್ಟು ಕಳಿಸ್ಲಿಲ್ಲ ನಾನು."

"ಹೂಂ ಅಕ್ಕಾ. ಕಳಿಸ್ಲಿಲ್ಲ."

ಅವಳು ಏಪ್ರನ್ ಮಡಿಸಿ ಪೀಪಾಯಿಯ ಮೇಲಿಟ್ಟಳು. ಕಸಿಲ್ದಾ ಅವಳ ಎರಡೂ ಕೈ ಹಿಡಿದುಕೊಂಡಳು.

"ಹೋಗಬೇಡ ಕಣೇ. ನನ್ನದು ತಪ್ಪಾಯ್ತು."

"ಸ್ಮಶಾನಕ್ಕೆ ಹೋಗ್ತೀನಿ. ಇವತ್ತಾದರೂ ನೋಡ್ಕೊಂಡು ಬರ್ತೀನಿ."

"ನಿಲ್ಲು, ನಾನೂ ಬರ್ತೀನಿ. ಬಾರು ಮುಚ್ತೀನಿ."

ಫುಯೆನ್ಸಾಂತಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬೇಡ ಅಕ್ಕಾ. ಏಳು ವರ್ಷ ಅವನು ದಿನಾ ನಿಮ್ಮ ಪಾಲಿಗಿದ್ದ. ಇವತ್ತೊಂದು ದಿನ ನನಗೆ ಬಿಡಿ."