ಅಂಗಿಯ ಎರಡನೇ ಗುಂಡಿ

ಪ್ರತಿ ಸಭೆಗೂ ಮೊದಲು ನಗರಸಭೆಯ ಅಧ್ಯಕ್ಷರು ಕೇಳುವ ಪ್ರಶ್ನೆ ಒಂದಿದೆ. "ಇವತ್ತು ಚರ್ಚೆಗೆ ಬರೋ ಜಾಗದವರ ಜೊತೆ ಯಾರಿಗಾದ್ರೂ ನಂಟಿದ್ಯಾ? ಇದ್ರೆ ಹೇಳಿ ಹೊರಗಿರಿ."

ಯಾರೂ ಏಳುವುದಿಲ್ಲ. ಇವತ್ತು ಮಾತ್ರ ನಗರ ಯೋಜನೆ ವಿಭಾಗದ ಹುಡುಗಿ ಕುರ್ಚಿಯ ಅಂಚಿಗೆ ಸರಿದು ಕೂತಿದ್ದಳು.

ಗೋಡೆಯ ಮೇಲೆ ಅವಳದೇ ನಕ್ಷೆ. ಮಳೆ ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ, ಉಕ್ಕುವ ಹೊಳೆಗೆ ಹರಡಿಕೊಳ್ಳಲು ಜಾಗ ಬೇಕು. ಅದಕ್ಕೆ ದಂಡೆಯ ಮಳಿಗೆಗಳನ್ನು ತೆರವು ಮಾಡಲೇಬೇಕು. ಇಲ್ಲವಾದರೆ ನೀರು ಕೆಳಗಿನ ಬೀದಿಗಳ ಮನೆಗಳಿಗೆ ನುಗ್ಗುತ್ತದೆ. ಆ ಮಳಿಗೆಗಳ ನಟ್ಟನಡುವೆ ಬಡಗಿಯ ಅಂಗಡಿ. ಬಡಗಿ ಆಕ್ಷೇಪಣೆ ಹೇಳಲೆಂದೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ.

ಅವನ ಪರಿಚಯವಾದದ್ದೇ ಜಗಳದಿಂದ. ಕಳೆದ ನೆರೆಯ ಗುರುತು ಅಳೆಯಲು ಅವಳು ಹೋದರೆ, ಆಫೀಸಿನವರು ಬರುತ್ತಾರೆಂದು ಆ ಪುಣ್ಯಾತ್ಮ ಬಾಗಿಲ ಮೇಲಿನ ನೀರಿನ ಕಲೆ ಉಜ್ಜಿ ಪಾಲಿಶ್ ಹಾಕಿಟ್ಟಿದ್ದ.

"ನಾನು ಬಂದಿದ್ದೇ ಆ ಕಲೆ ನೋಡೋಕೆ," ಎಂದು ಸಿಡುಕಿದಳು.

"ಕಲೆ ನೋಡೋಕೂ ಜನ ಬರ್ತಾರೆ ಅಂತ ನನಗೇನು ಗೊತ್ತು? ಬಾಗಿಲ ಬದಲು ನನ್ನನ್ನೇ ಅಳೀರಿ. ನೀರು ಇಲ್ಲಿವರೆಗೆ ಬಂದಿತ್ತು." ಅಂಗಿಯ ಎರಡನೇ ಗುಂಡಿ ಮುಟ್ಟಿ ತೋರಿಸಿದ.

ಅವಳು ಟೇಪು ಹಿಡಿದಳು. ಅಂಕಿ ಓದಿ ತಲೆ ಎತ್ತಿದಾಗ ಅವನು ಟೇಪು ನೋಡುತ್ತಿರಲಿಲ್ಲ. ಆಮೇಲೆ ಅಳೆಯುವ ನೆಪ ಮಾಡಿಕೊಂಡು ಮತ್ತೆ ಮತ್ತೆ ಹೋದಳು. ಅವನು ಪ್ರತಿ ಸಲವೂ ಕುರ್ಚಿ ಒರೆಸಿ ಕೊಟ್ಟ. ಬಾಯಿಬಿಟ್ಟು ಇಬ್ಬರೂ ಏನನ್ನೂ ಹೇಳಲಿಲ್ಲ.

ಈಗ ಅತ್ತ ದರಿ, ಇತ್ತ ಪುಲಿ. ಎದ್ದು ಹೊರಟರೆ ನಕ್ಷೆಯ ಪರ ಮಾತಾಡುವವರಿಲ್ಲ. ಸುಮ್ಮನೆ ಕೂತರೆ, ನಾಳೆ ವಿಷಯ ಹೊರಬಿದ್ದು ನಕ್ಷೆಯೇ ರದ್ದಾದೀತು.

ಎದ್ದಳು. "ನನಗಿದೆ ಸರ್. ಆ ಬಡಗಿಯವರ ಜೊತೆ."

"ಏನು ನಂಟು?"

"ಇಷ್ಟಪಡ್ತೀನಿ. ಅವರಿಗಿನ್ನೂ ಹೇಳಿಲ್ಲ."

ಯಾರೋ ಕೆಮ್ಮಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಹೇಳಿದ ಹಾಗಾಯ್ತಲ್ಲಮ್ಮ. ಹೊರಗಿರು."

ಹಿಂದಿನ ಸಾಲಿನ ಕಡೆ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಕೂತರೆ ಮುಚ್ಚಿದ ಬಾಗಿಲ ಹಿಂದೆ ಅವನ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಮಾನವೂ ಹೋಯಿತು, ನಕ್ಷೆಯೂ ಹೋಯಿತು ಅಂದುಕೊಂಡಳು.

ಬಾಗಿಲು ತೆರೆಯಿತು. ಅವನು ಬಂದು ಪಕ್ಕದಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

"ನೀವು ಹೊರಗೆ ಬಂದ ಮೇಲೆ ನೀರು ಅಷ್ಟೊಂದೇನೂ ಬರಲ್ಲ ಅಂತ ಮಳಿಗೆಯವರೆಲ್ಲ ಶುರು ಮಾಡಿದ್ರು."

"ನೀವೂ ಅದನ್ನೇ ಹೇಳೋಕೆ ಬಂದಿದ್ರಿ ಅಲ್ವಾ?"

"ಬಂದಿದ್ದೆ. ನೀವು ಅಷ್ಟು ಜನರ ಮುಂದೆ ನಿಜ ಹೇಳಿ ಎದ್ದು ಹೋದ್ರಿ. ಆಮೇಲೆ ನನ್ನ ಬಾಯಲ್ಲಿ ಸುಳ್ಳು ಹೇಗೆ ಬರುತ್ತೆ? ನೀರು ಎಲ್ಲಿವರೆಗೆ ಬಂದಿತ್ತು ಅಂತ ತೋರಿಸಿದೆ." ಅವನ ಬೆರಳು ಎರಡನೇ ಗುಂಡಿಯ ಮೇಲಿತ್ತು. "ನಕ್ಷೆ ಪಾಸಾಯ್ತು."

"ಅಂಗಡಿ?"

"ಹೋಯ್ತು." ಗುಂಡಿಯಿಂದ ಬೆರಳು ತೆಗೆದ. "ಎತ್ತರದಲ್ಲಿ ಬೇರೆ ಜಾಗ ಹುಡುಕಬೇಕು. ಜೊತೆಗೆ ಬರ್ತೀರಾ?"

ಅವಳಿಗೆ ಅಳು ಬಂದಿತ್ತು. ನಡುವಿನ ಜಾಗ ದಾಟಿ ಹತ್ತಿರ ಸರಿದು ಕೂತಳು.

"ಟೇಪು ತರ್ತೀನಿ," ಎಂದಳು.